ಹೆಪ್ಪುಗಟ್ಟಿದ ಬಾಟಲಿಯ ತಳ

ಅಮೆರಿಕದ ಉತ್ತರದ ಊರು ಡುಲೂತ್‌ನಲ್ಲಿ ಚಳಿಗಾಲದ ಬೆಳಕು ತಡವಾಗಿ, ಈಗಷ್ಟೇ ಹರಿಯುತ್ತಿದೆ. ಅರ್ಲೀನ್ ಹಾಲ್ವರ್ಸನ್ ತಮ್ಮ ಕಾರಿನಿಂದ ತಂದ ನೀರಿನ ಬಾಟಲಿಗಳನ್ನು ಕಚೇರಿಯ ಮೇಜಿನ ಮೇಲೆ ಮಲಗಿಸುತ್ತಾರೆ. ರಾತ್ರಿಯ ಚಳಿಗೆ ಒಳಗಿನ ನೀರು ಕಲ್ಲಾಗಿದೆ. ಒಂದೊಂದರ ತಳವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮೂರನೆಯದರ ಮೇಲೆ ಬೆರಳು ನಿಲ್ಲುತ್ತದೆ. ತಳ ಉಬ್ಬಿ, ಅಡಿಯ ಮುಚ್ಚಳ ಹಾರಿಹೋಗಿದೆ. ಅದರೊಳಗಿದ್ದ, ಅಂಗಿಯ ಗುಂಡಿಯಂಥ ಬ್ಯಾಟರಿ ಸೆಲ್ಲು ಕಾಣುತ್ತಿಲ್ಲ.

ಬಾಟಲಿಗಳು ಅಂಗಡಿಗೆ ಹೋಗುವ ಮೊದಲು ಅವನ್ನು ಪರೀಕ್ಷಿಸುವುದು ಅರ್ಲೀನ್ ಕೆಲಸ. ಇದು ಮಕ್ಕಳ ಬಾಟಲಿ. ನೀರು ಕುಡಿಯುವ ಹೊತ್ತಾದರೆ ತಳದಲ್ಲಿ ದೀಪ ಮಿನುಗುತ್ತದೆ. ಸೋರುತ್ತದೆಯೇ, ಬಿದ್ದರೆ ಒಡೆಯುತ್ತದೆಯೇ, ಪುಟ್ಟ ಕೈಗೆ ಭಾರವೇ, ದೀಪ ಸರಿಯಾಗಿ ಹತ್ತುತ್ತದೆಯೇ, ಎಲ್ಲಕ್ಕೂ ಅಂಕಗಳಿವೆ. ಚಳಿಯ ಪರೀಕ್ಷೆ ಮಾತ್ರ ಅರ್ಲೀನ್ ತಾವೇ ಸೇರಿಸಿಕೊಂಡದ್ದು. ಈ ಊರಲ್ಲಿ ಬಾಟಲಿಯನ್ನು ಕಾರಿನಲ್ಲೇ ಮರೆಯದ ಮನೆಯಿಲ್ಲ. ಅದಕ್ಕೇ ನಿನ್ನೆ ಇವನ್ನು ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಬಿಟ್ಟಿದ್ದರು. ಈ ಬೆಳಗ್ಗೆ ಅವುಗಳ ಪಕ್ಕದಲ್ಲೇ ಎರಡು ವರ್ಷದ ಮೊಮ್ಮಗಳು ಬ್ರಿಟಾಳನ್ನು ಕೂರಿಸಿಕೊಂಡು ಹೋಗಿ ಶಿಶುವಿಹಾರಕ್ಕೆ ಬಿಟ್ಟು ಬಂದಿದ್ದಾರೆ.

ನುಂಗಿದರೆ ಅಂಥ ಸೆಲ್ಲು ಗಂಟಲನ್ನು ಒಳಗಿಂದ ಸುಡುತ್ತದೆ.

"ಲೊರೇನ್, ಬಾಟಲಿ ಸೆಲ್ಲು ಕಾಣ್ತಿಲ್ಲ. ಬ್ರಿಟಾ ಕೈ ನೋಡು, ಜೇಬು ನೋಡು," ಅರ್ಲೀನ್ ಫೋನಿನಲ್ಲಿ ಶಿಶುವಿಹಾರದಾಕೆಗೆ ಹೇಳುತ್ತಾರೆ.

"ಏನಿಲ್ಲ ಕಣೇ. ನಗ್ತಾ ಕೂತಿದಾಳೆ."

"ನುಂಗಿದ ಮಗುನೂ ನಗತ್ತೆ!"

ಲೊರೇನ್ ಕಾರಿನ ಕೀಲಿ ಎತ್ತಿಕೊಂಡ ಸದ್ದು ಕೇಳುತ್ತದೆ. "ಆಸ್ಪತ್ರೆಗೆ ಕರ್ಕೊಂಡು ಹೊರಟೆ. ನೀನು ಹುಡುಕ್ತಿರು."

ಬಾಟಲಿಯ ವಿನ್ಯಾಸ ಮಾಡಿದ ಮಾರ್ಕಸ್ ಟಾಲಿವರ್ ಪಕ್ಕದ ಕೋಣೆಯಿಂದ ಟಾರ್ಚ್ ಹಿಡಿದು ಓಡಿ ಬರುತ್ತಾನೆ. ಇಬ್ಬರೂ ಹಿಮದಲ್ಲಿ ಮಂಡಿಯೂರಿ ಕಾರಿನೊಳಗೆ ತಡಕುತ್ತಾರೆ. ಮುಚ್ಚಳ ಸಿಗುತ್ತದೆ. ಬಿಸ್ಕತ್ತಿನ ಪುಡಿ, ಒಂಟಿ ಕೈಗವಸು ಸಿಗುತ್ತವೆ. ಸೆಲ್ಲು ಸಿಗುವುದಿಲ್ಲ. ಅರ್ಲೀನ್ ಮಗುವಿನ ಸೀಟನ್ನೇ ಕಿತ್ತು ಬೋರಲು ಹಾಕುತ್ತಾರೆ. ಬೆಲ್ಟಿನ ಸಂದಿಯಿಂದ ಏನೋ ಹೊಳೆಯುತ್ತಾ ಹಿಮದ ಮೇಲೆ ಬೀಳುತ್ತದೆ.

ಅರ್ಲೀನ್ ಆ ಸೆಲ್ಲನ್ನು ಎತ್ತಿ ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿದ್ದ ಲೊರೇನ್‌ಗೆ ಫೋನು ಮಾಡುವವನು ಮಾರ್ಕಸ್.

ಮಧ್ಯಾಹ್ನ ಅವನು ಮೆಲ್ಲಗೆ ಮಾತು ತೆಗೆಯುತ್ತಾನೆ. "ಒಟ್ಟು ಅಂಕ ಚೆನ್ನಾಗೇ ಬಂದಿದೆ, ಅರ್ಲೀನ್. ಕಾರಲ್ಲಿ ಬಿಡಬೇಡಿ ಅಂತ ಚೀಟಿ ಅಂಟಿಸಿದ್ರೆ ಸಾಲದಾ?"

"ಬ್ರಿಟಾಗೆ ಓದೋಕೆ ಕಲಿಸ್ತೀಯಾ?"

ಅವನು ಅಂಕಪಟ್ಟಿಯನ್ನು ಪಕ್ಕಕ್ಕಿಡುತ್ತಾನೆ. ಅರ್ಲೀನ್ ದನಿ ಇಳಿಸುತ್ತಾರೆ. "ತಪ್ಪು ನಂದೂ ಇದೆ ಕಣೋ. ಮಗು ಕೂರೋ ಕಡೆ ಇಟ್ಟೆನಲ್ಲ. ಆದ್ರೆ ಎಲ್ಲರೂ ಇಡೋದು ಅಲ್ಲೇ. ಸೆಲ್ಲು ಹೊರಗೆ ಬಂತೋ, ಉಳಿದ ಅಂಕ ಲೆಕ್ಕಕ್ಕೇ ಬರಬಾರದು."

ಮಾರ್ಕಸ್ ಬಾಟಲಿಯನ್ನು ಬಿಚ್ಚಿ ತಳದ ವಿನ್ಯಾಸವನ್ನು ಹೊಸದಾಗಿ ಬರೆಯಲು ಕೂರುತ್ತಾನೆ.

ಸಂಜೆ ಬ್ರಿಟಾಳನ್ನು ಕರೆತರಲು ಹೊರಟ ಅರ್ಲೀನ್, ಖಾಲಿ ಸೀಟಿನ ಸಂದಿಗಳಲ್ಲಿ ಮತ್ತೊಮ್ಮೆ ಬೆರಳಾಡಿಸುತ್ತಾರೆ. "ಸಿಕ್ಕಿದೆ ಅಂತ ಗೊತ್ತು. ಆದ್ರೂ ಕೈ ಕೇಳಲ್ಲ," ಎಂದು ಬಾಗಿಲಲ್ಲಿ ನಿಂತ ಮಾರ್ಕಸ್‌ಗೆ ಹೇಳುತ್ತಾರೆ. "ನಾನು ಸರಿ ಅಂದ ಬಾಟಲಿ ಇರೋ ಮನೇಲಿ ಯಾವ ಅಜ್ಜಿನೂ ಹೀಗೆ ತಡಕಬಾರದು. ಅಷ್ಟಾದ್ರೆ ಸಾಕು ನಂಗೆ."