ಪುಸ್ತಕಕ್ಕೆ ಹಚ್ಚಿದ ಕುಂಕುಮ

ವೈಟ್‌ಫೀಲ್ಡಿನ ಆಫೀಸಿನಲ್ಲಿ ನನ್ನ ಕೆಲಸ ಫೋನು ಎತ್ತುವುದು. ಯಾವ ಕೆಲಸ ಯಾವ ಮೆಷಿನ್ನಿನಲ್ಲಿ ನಡೆಯುತ್ತಿದೆ ಎಂದು ತೋರಿಸುವ ಸಾಫ್ಟ್‌ವೇರನ್ನು ನಮ್ಮ ಕಂಪನಿ ಸಣ್ಣ ಕಾರ್ಖಾನೆಗಳಿಗೆ ಮಾರುತ್ತಿತ್ತು. ಅದು ಕೈಕೊಟ್ಟಾಗ ಬೈಸಿಕೊಳ್ಳುವವಳು ನಾನು. ಅದರಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವವರು ಮಾತ್ರ ಪ್ರಾಡಕ್ಟ್ ಮ್ಯಾನೇಜರುಗಳು. ಐದು ವರ್ಷ ಬೈಗುಳ ತಿಂದ ಮೇಲೆ ನನಗೂ ಆ ಕುರ್ಚಿಯೇ ಬೇಕು ಅನ್ನಿಸಿತು. ಹೊಟ್ಟೆಕಿಚ್ಚು ಅಂದರೂ ಸರಿಯೇ.

ದೊಡ್ಡನೆಕ್ಕುಂದಿಯಲ್ಲಿ ಆ ಕೆಲಸ ಕಲಿಸುವ ಶನಿವಾರದ ತರಬೇತಿಗೆ ಸೇರಿದೆ. ಕಾಫಿ ಹೊತ್ತಿನಲ್ಲಿ ಎಲ್ಲರೂ ಎಲ್ಲರಿಗೂ ವಿಸಿಟಿಂಗ್ ಕಾರ್ಡ್ ಕೊಟ್ಟು "ಟಚ್‌ನಲ್ಲಿರೋಣ" ಅನ್ನುತ್ತಿದ್ದರು. ನನ್ನ ಪರ್ಸು ಉಬ್ಬಿತು, ಟಚ್‌ನಲ್ಲಿ ಒಬ್ಬರೂ ಇರಲಿಲ್ಲ. ಅಷ್ಟರಲ್ಲಿ ನಮ್ಮ ಆಫೀಸಿನಲ್ಲೇ ಒಂದು ಜಾಗ ಖಾಲಿಯಾಯಿತು. ಅರ್ಜಿ ಹಾಕಿದೆ. ದಸರಾ ಮುಗಿದ ಸೋಮವಾರ ಸಂದರ್ಶನ. ಪಾಠ ಹೇಳುತ್ತಿದ್ದ ಮೇಡಂಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ.

"ನಿಮ್ಮ ಸಾಫ್ಟ್‌ವೇರ್ ಬಳಸೋರ ಪಕ್ಕ ಯಾವತ್ತಾದ್ರೂ ಕೂತಿದ್ದೀರಾ?"

ಕೂತಿರಲಿಲ್ಲ. ನಾಚಿಕೆಯಾಯಿತು.

ಪೀಣ್ಯದ ಒಂದು ಕಾರ್ಖಾನೆಯ ಸೂಪರ್‌ವೈಸರನ್ನು ಐದು ವರ್ಷದಿಂದ ದನಿಯಲ್ಲಷ್ಟೇ ಬಲ್ಲೆ. ಗದಗದ ಕಡೆಯವರು. ಅವರಿಗೆ ಫೋನು ಮಾಡಿ, ಇಪ್ಪತ್ತು ಪ್ರಶ್ನೆಗಳ ಹಾಳೆ ಹಿಡಿದು ಹೋದೆ. ಇಪ್ಪತ್ತಕ್ಕೂ ಒಂದೇ ಉತ್ತರ: "ಛಲೋ ಐತ್ರಿ ಮೇಡಂ, ಏನೂ ತ್ರಾಸಿಲ್ಲ." ಅಷ್ಟು ದೂರದಿಂದ ಬಂದವಳಿಗೆ ನಿನ್ನ ಕೆಲಸ ಸರಿಯಿಲ್ಲ ಅನ್ನಲು ಅವರಿಗೆ ಮನಸ್ಸಿಲ್ಲ. ಟೀ ಕುಡಿಸಿ, "ನಾಡಿದ್ದು ಆಯುಧಪೂಜಾ ಐತಿ, ಬರಾಕ ಬೇಕು" ಎಂದರು.

ಪೂಜೆಯ ದಿನ ಶೆಡ್ಡಿನಲ್ಲಿ ಮೆಷಿನ್ನುಗಳೆಲ್ಲ ತೊಳೆಸಿಕೊಂಡು ಸುಮ್ಮನೆ ನಿಂತಿದ್ದವು. ಲೇತಿಗೆ, ಸ್ಪ್ಯಾನರಿಗೆ, ಟೀ ತರುವ ಸೈಕಲ್ಲಿಗೆ, ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಅನ್ನ ಕೊಡುವ ಯಾವುದನ್ನೂ ಬಿಟ್ಟಿರಲಿಲ್ಲ. ಮೂಲೆಯ ಮೇಜಿನ ಮೇಲಿದ್ದ, ಎಣ್ಣೆ ಮೆತ್ತಿದ ಉದ್ದನೆಯ ನೋಟ್‌ಪುಸ್ತಕಕ್ಕೂ ಮೂರು ಬೊಟ್ಟು. ಅದರ ಪಕ್ಕದಲ್ಲೇ ನಮ್ಮ ಸಾಫ್ಟ್‌ವೇರ್ ಇದ್ದ ಕಂಪ್ಯೂಟರು ಬೋಳಾಗಿ ಕೂತಿತ್ತು.

"ಇದಕ್ಕೆ?" ಎಂದೆ.

ಸೂಪರ್‌ವೈಸರು ನಾಲಿಗೆ ಕಚ್ಚಿಕೊಂಡರು. "ತಪ್ಪಾತ್ರಿ, ಮರ್ತೇ ಬಿಟ್ವಿ." ಕುಂಕುಮದ ಬಟ್ಟಲು ಹಿಡಿದು ಓಡಿಬಂದರು.

"ಹಚ್ಬೇಡಿ. ಮರ್ತಿದ್ದು ಯಾಕೆ, ಅದನ್ನ ಹೇಳಿ."

ಆಗ ಬಾಯಿಬಿಟ್ಟರು. "ಕೈತುಂಬ ಎಣ್ಣಿ ಇರ್ತೈತ್ರಿ. ಒಂದು ಕೆಲಸ ಹಾಕಬೇಕಂದ್ರ ಏಳು ಸಲ ಒತ್ತಬೇಕು. ಅದಕ್ಕ ಪುಸ್ತಕದಾಗ ಬರಿತೀವಿ. ಸಂಜಿಗೆ ಒಬ್ರು ಕುಂತು ಕಂಪ್ಯೂಟರಿಗೆ ಹಾಕ್ತಾರ. ಮಾಲಕರು ನೋಡ್ತಾರಲ್ರೀ."

ಅವರ ಪಕ್ಕದಲ್ಲಿ ಕೂತು ಒಂದು ಕೆಲಸ ಹಾಕಿಸಿ ಎಣಿಸಿದೆ, ಏಳೇ. ನನಗೆ ಅಳು ಬಂತು, ನಗುವೂ ಬಂತು. ಐದು ವರ್ಷ ಫೋನಿನಲ್ಲಿ ಗಂಟಲು ಹರಿದುಕೊಂಡು ನಾನು ಅವರಿಗೆ ಹೇಳಿಕೊಟ್ಟದ್ದು ಆ ಏಳು ಒತ್ತುಗಳನ್ನೇ.

ಸೋಮವಾರ ವಿಭಾಗದ ಮುಖ್ಯಸ್ಥರ ಎದುರು ಕೂತಾಗ ತರಬೇತಿಯಲ್ಲಿ ಉರುಹೊಡೆದದ್ದೆಲ್ಲ ಮರೆತುಹೋಯಿತು. ಕುಂಕುಮದ ಕತೆಯನ್ನಷ್ಟೇ ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಪೆನ್ನು ತೆಗೆದುಕೊಂಡು "ಏಳು ಸಲನಾ?" ಎಂದರು.

"ಪಕ್ಕದಲ್ಲೇ ಕೂತು ಎಣಿಸಿದೀನಿ ಸಾರ್."

"ಆರು ತಿಂಗಳು ಮಾಡಿ ನೋಡಿ" ಎಂದು ಕೆಲಸ ಕೊಟ್ಟರು. ನಾನು ಮೊದಲು ಮಾಡಿಸಿದ್ದು ಆ ಏಳರ ಜಾಗದಲ್ಲಿ ಒಂದೇ ಒತ್ತು.

ಮುಂದಿನ ದಸರಾ ರಜೆ ಮುಗಿದ ಬೆಳಿಗ್ಗೆ ಗದಗದ ದನಿ ನನಗೇ ಫೋನು ಮಾಡಿತು. "ಬೈಬ್ಯಾಡ್ರಿ ಮೇಡಂ. ಕೀಬೋರ್ಡ್ ಕೆಟ್ಟೈತಿ. ಪೂಜಾದಾಗ ಕುಂಕುಮದ ನೀರು ಒಳಗ ಇಳದೈತಿ."

ಹೊಸ ಕೀಬೋರ್ಡನ್ನು ನಾನೇ ಹಿಡಿದುಕೊಂಡು ಪೀಣ್ಯದ ಬಸ್ಸು ಹತ್ತಿದೆ.