ನಾಲ್ಕು ಬೆರಳು ಸಾಲದ ಡಾಬು

ಹೋದ ವಾರ ಮೊಮ್ಮಗಳು ಹೊಲಿಗೆ ದಾರದ ಉಂಡಿ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ಆಕಿ ಕೊಪ್ಪಳದ ದವಾಖಾನಿಯಲ್ಲಿ ನರ್ಸ. ಮನಿಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ನನ್ನನ್ನು ಗ್ವಾಡಿಗೆ ನಿಲ್ಲಿಸಿ ನೆತ್ತಿಯಿಂದ ಹಿಮ್ಮಡಿತನಕ ದಾರ ಹಿಡಿದಳು, ಕಡಿದಳು, ನಡುವಿಗೆ ಸರಿಯಾಗಿ ಮಡಚಿದಳು. ಆ ಮಡಚಿದ ದಾರವನ್ನು ಹೊಟ್ಟಿಗೆ ಸುತ್ತಿದಳು. ತುದಿ ತುದಿ ಕೂಡಿದರೆ ಮೈ ಹದದಲ್ಲಿ ಐತಿ, ಕೂಡದಿದ್ದರೆ ಬೊಜ್ಜು ಬಂದೈತಿ ಅಂತ ಲೆಕ್ಕವಂತೆ. ತಕ್ಕಡಿ ಬೇಡ, ಯಂತ್ರ ಬೇಡ. ನನ್ನ ಹೊಕ್ಕಳ ಮುಂದೆ ದಾರ ನಾಲ್ಕು ಬೆರಳು ಕಡಿಮಿ ಬಿತ್ತು.

ಅಷ್ಟೇ ಸಂದನ್ನು ನಾನು ಹಿಂದೊಮ್ಮೆ ನೋಡಿದ್ದೆ. ನನ್ನ ಹೊಟ್ಟಿ ಮೇಲಲ್ಲ, ನನ್ನ ನೆಗೆಣ್ಣಿಯ ಹೊಟ್ಟಿ ಮೇಲೆ. ಗಂಡನ ಅಣ್ಣನ ಹೆಂಡತಿ ಆಕಿ. ನಾನು ಅಕ್ಕ ಅನ್ನುತ್ತಿದ್ದೆ. ಬಾಯಿಂದ ಅಷ್ಟೇ.

ಕುಷ್ಟಗಿ ಕಡೆಯ ಹಳ್ಳಿಯಿಂದ ನಾನು ಯಲಬುರ್ಗಾದ ಆ ಮನಿಗೆ ಸೊಸಿಯಾಗಿ ಬಂದಾಗ ಲಡಾಯಿ ಕಾಲ. ಲಡಾಯಿ ಎಲ್ಲಿಯೋ ನಡೆದಿತ್ತು, ಜೋಳದ ತುಟ್ಟಿ ಮಾತ್ರ ನಮ್ಮಲ್ಲಿತ್ತು. ಲೆವಿ ಅಂತ ಕಣದಿಂದಲೇ ಕಾಳು ಎತ್ತಿಕೊಂಡು ಹೋಗುತ್ತಿದ್ದರು. ಓಣಿಯಲ್ಲಿ ಕುಂತ ಮಂದಿಯ ಎಲುಬು ಎಣಿಸಬಹುದಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಸೊಸಿ ಮೈ ತುಂಬಿಕೊಂಡು ಓಡಾಡುತ್ತಾಳೆ ಅಂದರೆ ಆ ಮನಿಯ ಹಗೇವಿನಲ್ಲಿ, ನೆಲದೊಳಗೆ, ಇನ್ನೂ ಜೋಳ ಐತಿ ಅಂತ ಊರಿಗೇ ಡಂಗುರ ಸಾರಿದಂತೆ. ನಮ್ಮ ಅತ್ತಿ, ಗಂಡನ ತಾಯಿ, ಆಕಿಗೆ ಆ ಡಂಗುರ ಭಾಳ ಸೇರುತ್ತಿತ್ತು.

ಅತ್ತಿ ಯಾವ ಹೆಣ್ಣುಮಗಳು ಎದುರಿಗೆ ಬಂದರೂ ಮೊದಲು ಮುಖ ನೋಡುತ್ತಿರಲಿಲ್ಲ, ಮುಂಗೈ ಹಿಡಿಯುತ್ತಿದ್ದಳು. ಹೆಬ್ಬೆರಳು ನಡುಬೆರಳು ಸುತ್ತಿದಾಗ ಎರಡೂ ಕೂಡಿದರೆ ಆ ಹೆಣ್ಣು ಬಡಕಲು. ಕೂಡದಿದ್ದರೆ ಉಂಡುಟ್ಟವಳು. ಆಮೇಲೆ ಕೊರಳಲ್ಲಿ ಗೀರು ಬಿದ್ದಾವೇನು ಅಂತ ನೋಡುವಳು, ಮೊಣಕೈ ಹತ್ತಿರ ಕುಳಿ ಬೀಳತೈತೇನು ಅಂತ ನೋಡುವಳು. ಕಡೆಗೆ ಸೀರಿ ನಿರಿಗಿ. ಇಳಕಲ್ ಸೀರಿ ಎಲ್ಲರಿಗೂ ಅಷ್ಟೇ ಉದ್ದ. ಮೈ ಇದ್ದವಳಿಗೆ ಸುತ್ತಿಗೇ ಹೋಗಿ ಮುಂದೆ ಸ್ವಲ್ಪ ನಿರಿಗಿ ಉಳಿಯುತ್ತವೆ. ನನಗೆ ನಿರಿಗಿ ಹಿಡಿಯಲು ಒಂದು ಕೈ ಸಾಲುತ್ತಿರಲಿಲ್ಲ. ಸಿಕ್ಕಿಸಿದರೆ ಹೊಟ್ಟಿ ಮುಂದೆ ರೊಟ್ಟಿ ಬುಟ್ಟಿ ಕಟ್ಟಿಕೊಂಡಂತೆ ಕಾಣುತ್ತಿತ್ತು.

ಅಕ್ಕನಿಗೆ ಎಲ್ಲಾ ಇತ್ತು. ಗೀರು, ಕುಳಿ, ಎಲ್ಲಾ. ಹಸಿರು ಬಳಿ ಮುಂಗೈಗೆ ಅಂಟಿ ಕುಂತಿರುತ್ತಿದ್ದವು, ಸಪ್ಪಳವೇ ಆಗುತ್ತಿರಲಿಲ್ಲ. ನನ್ನ ಬಳಿಗಳು ಕಸ ಹೊಡೆಯುವಾಗ ಮೊಣಕೈತನಕ ಓಡುತ್ತಿದ್ದವು.

ಮದುವಿ, ಬಸುರಿಯ ಕುಬಸ, ಏನೇ ಬುಲಾವು ಬರಲಿ, ಬಂಡಿ ಹೂಡಿದ ಕೂಡಲೇ ಅತ್ತಿ ಹೇಳುತ್ತಿದ್ದ ಮಾತು ಒಂದೇ. "ದೊಡ್ಡಾಕೀ, ನೀ ಹತ್ತು. ಸಣ್ಣಾಕಿ ಮನಿ ನೋಡ್ಕೋತ ಇರಲಿ. ಇಕೀನ ಕರ್ಕೊಂಡು ಹೋದ್ರ ನಾವು ಉಪಾಸ ಕೆಡವೀವಿ ಅಂತಾರ ಮಂದಿ."

ನಾನು ಸುಮ್ಮನೆ ಕೂಡಲಿಲ್ಲ. ಶೇಂಗಾ ಬೆಲ್ಲ ಕದ್ದು ತಿಂದೆ. ಬಿಸಿ ರೊಟ್ಟಿಯೊಳಗೆ ಬೆಣ್ಣಿ ಮುಚ್ಚಿಟ್ಟುಕೊಂಡು ತಿಂದೆ. ಹೊಟ್ಟಿ ಕೆಟ್ಟಿತು, ಮೈ ಬರಲಿಲ್ಲ. ಅಕ್ಕನಿಗೆ ಇದು ಗೊತ್ತಾಗಿ ತನ್ನ ಪಾಲಿನ ಬೆಣ್ಣಿಯನ್ನೂ ನನ್ನ ತಾಟಿಗೆ ಹಾಕತೊಡಗಿದಳು. ಅದರಿಂದ ಇನ್ನೂ ಉರಿದುಹೋದೆ. ತಿನ್ನದೆಯೂ ಆಕಿ ದಪ್ಪವಾಗುತ್ತಿದ್ದಳು!

ಆಕಿ ಬಾಯಿಯೂ ಜೋರಿತ್ತು. ಬಿರುಗಾಳಿ ಎದ್ದರೆ ನಗುತ್ತಾ ಕೂಗುವಳು, "ಏ ಸಣ್ಣಾಕೀ, ಕಂಬ ಹಿಡ್ಕೋ, ಹಾರಿ ಕುಷ್ಟಗಿಗೆ ಹೋಗಿ ಬಿದ್ದೀ."

"ನೀ ಅದೀಯಲ್ಲ ಯಕ್ಕಾ," ಅಂತಿದ್ದೆ ನಾನು, "ಬ್ಯಾರೆ ಕಂಬ ಯಾಕ ಬೇಕು?"

ಆಕಿ ಹೊಟ್ಟಿ ಕುಣಿಸಿ ನಗುವಳು. ನಾನು ನಗಿಸಬೇಕು ಅಂತ ಅಂದದ್ದಲ್ಲ ಅದು.

ಆ ಮನಿಯಲ್ಲಿ ಒಂದು ಬೆಳ್ಳಿ ಡಾಬು ಇತ್ತು. ಅತ್ತಿಯ ಅತ್ತಿಯದು. ಬಿಲ್ಲಿಗೆ ಬಿಲ್ಲಿ ಪೋಣಿಸಿ ಸೊಂಟಕ್ಕೆ ಸುತ್ತುವಂಥದ್ದು. ಒಂದು ತುದಿಗೆ ಕೊಂಡಿ, ಇನ್ನೊಂದು ತುದಿಗೆ ಕೊಂಡಿ ಸಿಕ್ಕಿಸಲು ಸಾಲಾಗಿ ಕಣ್ಣು. ಯಾರ ಸೊಂಟಕ್ಕೆ ನಿಲ್ಲುತ್ತದೋ ಅವರೇ ಉಡಬೇಕು ಅಂತ ಅತ್ತಿಯ ಕಾಯದೆ. ನನ್ನ ಸೊಂಟಕ್ಕೆ ಸುತ್ತಿ ತೀರ ಒಳಗಿನ ಕಣ್ಣಿಗೆ ಸಿಕ್ಕಿಸಿ ಕೈ ಬಿಟ್ಟರೂ ತೊಡಿಗೆ ಜಾರಿ ಮೊಣಕಾಲಿಗೆ ಬಂದು ನಿಂತಿತು. ಎಲ್ಲರೂ ನಕ್ಕರು, ನಮ್ಮ ಮನಿಯವರೂ ನಕ್ಕರು.

ಹಬ್ಬ ಬಂದರೆ ಅಕ್ಕನಿಗೆ ಕೊಂಡಿ ಹಾಕುವ ಕೆಲಸ ನನ್ನದು. ಬಗ್ಗಿ ತನ್ನ ಹೊಟ್ಟಿಯ ಕೆಳಗೆ ಏನೈತಿ ಅಂತ ಆಕಿಗೆ ಕಾಣುತ್ತಿರಲಿಲ್ಲ. ನಾನು ಬಂದ ಹೊಸದರಲ್ಲಿ ಡಾಬು ಮತ್ತು ಸೊಂಟದ ನಡುವೆ ನನ್ನ ಹೆಬ್ಬೆರಳು ಆರಾಮ ಹೋಗುತ್ತಿತ್ತು. ಮರುವರ್ಷ ಹೋಗಲಿಲ್ಲ. ಕೊಂಡಿ ಒಂದೊಂದೇ ಕಣ್ಣು ಹಿಂದೆ ಸರಿಯಿತು. ಆಕಿ ನೆಲದಿಂದ ಏಳುವಾಗ ಮೊದಲು ಮೊಣಕಾಲಿಗೆ ಕೈ, ಆಮೇಲೆ ಗ್ವಾಡಿಗೆ ಕೈ. ಬಾವಿಯಿಂದ ಬರುವಾಗ ಮೊದಲು ಮನಿತನಕ ಮಾತಾಡುತ್ತಾ ಬರುವಳು, ಆಮೇಲೆ ಅರ್ಧ ದಾರಿಗೇ ಮಾತು ನಿಂತು ಉಸಿರು ಅಷ್ಟೇ ಕೇಳುತ್ತಿತ್ತು. ನೀರಿನ ಕೊಡ ಇಳಿಸಿದವಳೇ ಅದರಿಂದಲೇ ಎತ್ತಿ ಎತ್ತಿ ಕುಡಿಯುವಳು. ಇದೆಲ್ಲ ನನಗೆ ಹೆಂಗ ಗೊತ್ತು ಅಂದರೆ, ದಿನಾ ಅಳೆಯುತ್ತಿದ್ದೆ. ಮನಿಯವರೆಲ್ಲ ಆಕಿಯನ್ನು ಪ್ರೀತಿಯಿಂದ ನೋಡುತ್ತಿದ್ದರು, ಅವರಿಗೆ ಏನೂ ಕಾಣಲಿಲ್ಲ. ಹೊಟ್ಟಿಕಿಚ್ಚಿನ ಕಣ್ಣಿಗೆ ಅಳತಿ ತಪ್ಪುವುದಿಲ್ಲ.

ನನ್ನ ತಂಗಿಯ ಮದುವಿ ಗೊತ್ತಾಯಿತು. ನನ್ನ ತವರು, ನನ್ನ ತಂಗಿ. ಈ ಸಲ ನನ್ನನ್ನು ಬಿಟ್ಟು ಹೋಗಲು ಬರುವುದಿಲ್ಲ. ಒಳಗೆ ಹಳೇ ಸೀರಿ ಸುತ್ತಿಕೊಂಡು ಸೊಂಟ ದಪ್ಪ ಮಾಡಿ ಒಂದು ದಿನದ ಮಟ್ಟಿಗೆ ಡಾಬು ಉಡಬೇಕು ಅಂತ ಹಂಚಿಕಿ ಹಾಕಿದ್ದೆ. ಅತ್ತಿ ಬುಲಾವು ಬಂದ ದಿನವೇ ಡಾಬು ತೆಗೆದು ದೊಡ್ಡಾಕಿಗೆ ಸುತ್ತಿ ನೋಡಿದಳು. ಕಡೆಯ ಕಣ್ಣಿಗೂ ಕೊಂಡಿ ಮುಟ್ಟಲಿಲ್ಲ. ನಡುವೆ ನಾಲ್ಕು ಬೆರಳು ಸಂದು.

ನನ್ನ ಎದಿ ಕುಣಿಯಿತು. ಆಕಿಗೆ ಇನ್ನು ಬರಲಿಕ್ಕಿಲ್ಲ, ಡಾಬು ನನಗೇ ಅಂದುಕೊಂಡೆ.

ಅತ್ತಿಯ ಎದಿಯೂ ಕುಣಿಯಿತು. "ನೋಡ್ರಿ, ನಮ್ಮ ಮನಿ ಅನ್ನ ಹೆಂಗ ಹಿಡದೈತಿ!" ಅಂತ ಅಂಗಳಕ್ಕೆ ಕೇಳುವಂತೆ ಕೂಗಿ ಪತ್ತಾರನನ್ನು ಕರೆಸಿದಳು. ಪತ್ತಾರ ಡಾಬು ನೋಡಿ, ಇನ್ನೆರಡು ಬಿಲ್ಲಿ ಕೂಡಿಸಬೇಕು, ಬೆಳ್ಳಿ ಕೊಡ್ರಿ ಅಂದ. ಅತ್ತಿ ಮನಿಯೆಲ್ಲ ಒಮ್ಮೆ ಕಣ್ಣಾಡಿಸಿ ನನ್ನ ಪಾದದ ಹತ್ತಿರ ನಿಲ್ಲಿಸಿದಳು. ತವರಿನವರು ಹಾಕಿದ ಕಾಲ್ಗಡಗ ಇದ್ದವು ಅಲ್ಲಿ.

"ಬ್ಯಾಡ ಅತ್ತೀ, ಅಕಿ ತವರಿನ ಬೆಳ್ಳಿ ಅದು," ಅಂದಳು ಅಕ್ಕ. ಒಂದು ಸಲ ಅಂದಳು. ಎರಡನೇ ಸಲ ಅನ್ನಲಿಲ್ಲ.

ಹಂಗಾಗಿ ತಂಗಿಯ ಮದುವಿಗೆ ನಾನು ಬರಿಗಾಲಲ್ಲಿ ಹೋದೆ. ನನ್ನ ಕಾಲ್ಗಡಗ ಅಕ್ಕನ ಸೊಂಟದ ಮೇಲೆ ಕುಂತು ಬಂದವು. ನನ್ನ ತಾಯಿ ಬಂಡಿ ಹತ್ತಿರ ಬಂದಾಕಿ ನನ್ನ ಕಾಲು ನೋಡಿದಳು, ಆಕಿಯ ಸೊಂಟದಲ್ಲಿ ಹೊಳೆಯುತ್ತಿದ್ದ ಹೊಸ ಬಿಲ್ಲಿ ನೋಡಿದಳು. ಒಳಗೆ ಕರೆದು ನೀರು ಕೊಟ್ಟಳು.

ಬಂದ ಮುತ್ತೈದಿಯರ ಕಾಲಿಗೆ ಅರಿಷಿಣ ಹಚ್ಚುವುದು ಮನಿಮಗಳ ಕೆಲಸ. ಸಾಲಿನಲ್ಲಿ ಅಕ್ಕನೂ ಕುಂತಿದ್ದಳು. ಆಕಿ ಪಾದ ಕೈಯಲ್ಲಿ ಹಿಡಿದಾಗ ನೋಡಿದೆ: ಎಡಗಾಲಿನ ಕಾಲುಂಗುರ ಕಾಣಲೇ ಇಲ್ಲ. ಬೆರಳು ಉಬ್ಬಿ ಉಂಗುರವನ್ನು ನುಂಗಿತ್ತು. ಅಂಚಿಗೆ ಕೆಂಪಗೆ ಗೀರಿ ಕೀವು ಆಡಿತ್ತು. ಅರಿಷಿಣ ತಾಗಿದರೂ ಆಕಿ ಸ್ಸ್ ಅನ್ನಲಿಲ್ಲ. ಉರಿಯುವುದೇ ಆಕಿಗೆ ಗೊತ್ತಾಗುತ್ತಿರಲಿಲ್ಲ.

"ಯಕ್ಕಾ, ನಿನ್ನ ಬೆರಳು ಉಂಗುರ ತಿಂದೈತಲ್ಲ," ಅಂದೆ ನಾನು. "ಇದು ಮೈ ಬಂದದ್ದಲ್ಲ, ಇದು ರೋಗ. ಉಂಗುರ ತಗಸು."

ಚುಚ್ಚಬೇಕು ಅಂತಲೇ ಅಂದೆ, ಎಲ್ಲರ ಮುಂದೆ ಅಂದೆ. ಆದರೆ ಅಂದದ್ದು ಖರೆ ಇತ್ತು.

ಅತ್ತಿ ಕುಂತಲ್ಲಿಂದ ಎದ್ದಳು. "ಕಾಲ್ಗಡಗ ಹೋದ ಸಂಕಟಕ್ಕ ತುಂಬಿದ ಮೈಗೆ ಕಣ್ಣ ಹಾಕ್ತೀಯಲ್ಲ! ನಿನ್ನ ನೆದರಿಗೇ ಆಕಿ ಕಾಲು ಹಂಗ ಆಗೇತಿ!"

ನನ್ನ ತವರಿನ ಅಂಗಳದಲ್ಲಿ, ನನ್ನವರ ಎದುರಿಗೆ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಅಕ್ಕನಿಗೆ ನನ್ನ ನೆದರು ತೆಗೆದರು. ಮೆಣಸಿನಕಾಯಿ ಘಾಟಿಗೆ ಎಲ್ಲರೂ ಕೆಮ್ಮಿದರು. ಅಕ್ಕ ತಲಿ ತಗ್ಗಿಸಿ ಕುಂತಿದ್ದಳು. ಒಂದು ಸಲ ನನ್ನ ಕಡೆ ನೋಡಿದಳು. ಸಿಟ್ಟಿತ್ತೋ, ಬೇರೆ ಏನಿತ್ತೋ... ಹೇಳಲಾರೆ.

ಊರಿಗೆ ಬಂದ ಮೇಲೆ ಬೆರಳು ಕಪ್ಪಾಯಿತು. ಪತ್ತಾರ ತಾನಾಗಿ ಬಂದ. "ಅವ್ವಾರ, ಉಂಗುರ ಕತ್ತರಸ್ತೀನಿ, ಒಂದ ಗಳಿಗಿ ಕೆಲಸ," ಅಂದ. ಅತ್ತಿ ಬಾಗಿಲಲ್ಲೇ ತಡೆದಳು. "ಗಂಡ ಗಟ್ಟಿಮುಟ್ಟ ಅದಾನ, ಹೆಂಡ್ತಿ ಕಾಲುಂಗುರ ಕತ್ತರಸ್ತಾರೇನೋ?" ಬೇವು ಅರಿಷಿಣ ಅರೆದು ಕಟ್ಟಿದರು. ನನ್ನನ್ನು ಆಕಿ ಕೋಣಿಗೆ ಬಿಡಲಿಲ್ಲ. ನನ್ನ ಕಣ್ಣು ಬೀಳಬಾರದಲ್ಲ! ನಾನು ಬಾಗಿಲ ಹೊರಗೆ ನೀರಿನ ತಂಬಿಗಿ ಇಟ್ಟು ಬರುತ್ತಿದ್ದೆ. ಒಳಗಿಂದ ಆಕಿ ಕೂಗುವಳು, "ಸಣ್ಣಾಕೀ, ಇನ್ನೊಂದು ತಂಬಿಗಿ ತಾರ." ಎಷ್ಟು ಕುಡಿದರೂ ಆಕಿಯ ನೀರಡಿಕಿ ಹೋಗುತ್ತಿರಲಿಲ್ಲ.

ಕೊಪ್ಪಳದ ದವಾಖಾನಿಗೆ ಬಂಡಿ ಹೂಡುವ ಹೊತ್ತಿಗೆ ಕರಿ ಬಣ್ಣ ಮೊಣಕಾಲು ದಾಟಿತ್ತು. ದಾರಿಯಲ್ಲೇ ತಿರುಗಿ ಬಂದರು.

ಹೆಣದ ಸಿಂಗಾರಕ್ಕೆ ಸುತ್ತಿದ್ದ ಡಾಬನ್ನು ಎತ್ತುವ ಮುಂದೆ ಬಿಚ್ಚಿದರು, ಕಾಲುಂಗುರ ಬಿಟ್ಟರು. ಬಿಡಿಸಿದರೆ ಬರುತ್ತಲೂ ಇರಲಿಲ್ಲ. ಮುತ್ತೈದಿಯಾಗಿ ಹೋದಳು ಅಂತ ಊರ ಹೆಂಗಸರು ಆಕಿಯ ಕಾಲಿಗೆ ಬಿದ್ದರು, ಆ ಕಾಲಿಗೇ. ಸತ್ತ ಮೇಲೂ ಆಕಿಗೇ ಮಾನ ಅಂತ ನನಗೆ ಅಲ್ಲಿಯೂ ಉರಿಯಿತು. ಇದ್ದದ್ದು ಹೇಳುತ್ತೇನೆ. ನಾನು ಅತ್ತದ್ದೂ ಹೌದು, ಉರಿಯುತ್ತಲೇ ಕಣ್ಣೀರು ಹಾಕಿದೆ.

ಆಕಿಗೂ ನನ್ನ ಮೇಲೆ ಹೊಟ್ಟಿಕಿಚ್ಚಿತ್ತು, ನನ್ನ ಹಗುರ ಮೈ ನೋಡಿ ಆಕಿಯೂ ಒಳಗೊಳಗೆ ಬೇಯುತ್ತಿದ್ದಳು ಅಂತ ಬರೆದರೆ ಓದುವವರಿಗೆ ಹಿತವಾದೀತು. ಇರಲಿಲ್ಲ. ಆಕಿಗೆ ಯಾರ ಮೇಲೂ ಇರಲಿಲ್ಲ. ಅದೇ ನನಗೆ ತಡೆಯದಂಥದ್ದು.

ಡಾಬು ನನಗೆ ಬಂತು. ಪತ್ತಾರ, "ಕೂಡಿಸಿದ ಬಿಲ್ಲಿ ತಗದು ಮತ್ತ ಕಾಲ್ಗಡಗ ಮಾಡಿಕೊಡ್ಲೇನ್ರಿ?" ಅಂದ. ಬೇಡ ಅಂದೆ. ಆಕಿ ತುಂಬಿದ ಡಾಬನ್ನು ನಾನೂ ತುಂಬಬೇಕು, ಒಂದು ಬಿಲ್ಲಿಯೂ ಕಡಿಮಿ ಆಗಬಾರದು ಅಂತ ಹಟ. ಮಕ್ಕಳಾದವು, ಅತ್ತಿ ಹೋದಳು, ನಮ್ಮ ಮನಿಯವರು ಹೋದರು. ಡಾಬು ಟ್ರಂಕಿನಲ್ಲಿ ಕಪ್ಪಾಗುತ್ತಾ ಕುಂತಿತು.

ಹೋದ ವಾರ ಮೊಮ್ಮಗಳ ದಾರ ನಾಲ್ಕು ಬೆರಳು ಕಡಿಮಿ ಬಿದ್ದ ಕೂಡಲೇ ಟ್ರಂಕು ತೆಗೆಸಿದೆ. ಡಾಬು ಸುತ್ತು ಅಂದೆ. ಕೊಂಡಿ ಕಡೆಯ ಕಣ್ಣಿಗೆ ಹೋಗಿ ಟಕ್ ಅಂತ ಕುಂತಿತು. ಜಾರಲಿಲ್ಲ. ಹೆಬ್ಬೆರಳು ತೂರಿಸಿ ನೋಡಿದೆ, ಹೋಗಲಿಲ್ಲ. ನಕ್ಕೆ.

"ನಗೂ ಮಾತಲ್ಲಜ್ಜೀ ಇದು," ಅಂದಳು ಮೊಮ್ಮಗಳು. "ನಾಳೆ ಸಕ್ಕರಿ ರೋಗದ ತಪಾಸಣಿ ಮಾಡಸೂಣು. ಕಾಲು ಚಾಚು, ಬೆರಳು ನೋಡ್ತೀನಿ."

ಬಗ್ಗಿ ಒಂದೊಂದೇ ಬೆರಳು ಬಿಡಿಸಿ, ಒತ್ತಿ, ಉರಿತೈತೇನು, ಇಲ್ಲಿ ಗೊತ್ತಾಗತೈತೇನು ಅಂತ ಕೇಳಿದಳು. ಗೊತ್ತಾಗುತ್ತಿತ್ತು. ಗಂಡ ಹೋದ ದಿನವೇ ನನ್ನ ಕಾಲುಂಗುರ ತೆಗೆದಿದ್ದರು. ಅಂದು ಸಲೀಸಾಗಿ ಬಂದಿದ್ದವು.

ನಾನು ಮೊಮ್ಮಗಳ ತಲಿ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದೆ. ತುಂಬಿದೆ ನೋಡ ಯಕ್ಕಾ, ನಿನ್ನಷ್ಟೇ ತುಂಬಿದೆ ಅಂತ ತೋರಿಸಬೇಕಾಗಿತ್ತು. ಅತ್ತಿಗಲ್ಲ, ನಮ್ಮ ಮನಿಯವರಿಗಲ್ಲ, ಆಕಿಗೆ. ಇದ್ದಿದ್ದರೆ ಏನಾದರೂ ಒಂದು ಅಂದು ಹೊಟ್ಟಿ ಕುಣಿಸಿ ನಗುತ್ತಿದ್ದಳು. ನನಗೂ ಉರಿಯಲು ಒಬ್ಬರು ಇರುತ್ತಿದ್ದರು...

ಕೊಂಡಿ ಬಿಚ್ಚಿದಾಗ ಹೊಟ್ಟಿ ಮೇಲೆ ಕೆಂಪು ಗುರುತು ಬಿದ್ದಿತ್ತು, ಹೊಕ್ಕಳಿಗಿಂತ ಸ್ವಲ್ಪ ಎಡಕ್ಕೆ. ಆಕಿಗೂ ಅಲ್ಲೇ ಬೀಳುತ್ತಿತ್ತು.