ನಾಲ್ಕು ಕುರಿಗಳ ಗಂಧಕ

ಯಾವುದಕ್ಕೂ ಒಪ್ಪದ ಎರಡು ಸರ್ಕಾರಗಳು ಒಂದೇ ಒಂದು ವಿಷಯದಲ್ಲಿ ಒಪ್ಪಿದವು, ಅದೂ ನಮ್ಮ ಕುರಿಗಳ ಕಜ್ಜಿಯ ವಿಷಯದಲ್ಲಿ! ನಿಜಾಮನ ರಾಜ್ಯದ ಕೊನೆಯ ವರ್ಷ ಅದು. ಮದ್ದುಗುಂಡು ಹೈದರಾಬಾದ್ ಸೀಮೆಗೆ ಹೋಗಕೂಡದೆಂದು ದಿಲ್ಲಿಯವರು ಗಡಿ ಬಿಗಿ ಮಾಡಿದ್ದರು. ಸಿಡಿಮದ್ದಿಗೆ ಬೇಕಾಗುವ ಗಂಧಕವೂ ಅದರೊಳಗೆ ಸೇರಿತು. ಇತ್ತ ನಿಜಾಮನ ಕಡೆಯವರಿಗೆ, ಗಂಧಕ ನಮ್ಮಂಥವರ ಕೈಗೆ ಸಿಕ್ಕು ಬಾಂಬಾದರೆ ಗತಿಯೇನು ಎಂಬ ಅಂಜಿಕೆ. ನಾವೋ, ಅದನ್ನು ಹೊಂಗೆ ಎಣ್ಣೆಯಲ್ಲಿ ಕಲಸಿ ಕುರಿಯ ಕಜ್ಜಿಗೆ ಹಚ್ಚುವವರು.

ಆ ಮಳೆಗಾಲ ಮೊಗುಡಂಪಲ್ಲಿ ಕಡೆಯ ನಮ್ಮ ಹಟ್ಟಿಗೆ ಕಜ್ಜಿ ಹೊಕ್ಕಿತು. ಕುರಿಗಳು ಬೇಲಿಗೆ ಮೈ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡವು. ತಾಯಿ ಸತ್ತ ಮರಿಯೊಂದಕ್ಕೆ ನಾನು ಆಡಿನ ಹಾಲು ಕುಡಿಸಿ ಸಾಕಿದ್ದೆ; ಅದರ ಕಿವಿಗೂ ಹತ್ತಿತು. ಜಹೀರಾಬಾದಿನ ಅಂಗಡಿಗಳಲ್ಲಿ ಗಂಧಕವಿಲ್ಲ. ಪರವಾನಗಿ ಕೇಳಲು ಅಪ್ಪ ಕಚೇರಿಗೆ ಹೊರಟ. ಹಟ ಮಾಡಿ ನಾನೂ ಬೆನ್ನು ಹತ್ತಿದೆ.

"ಎಷ್ಟ್ ಕುರಿ ಅದಾವ ನಿಂದು?" ಎಂದರು ಗುಮಾಸ್ತರು.

ಕುರಿ ಎಣಿಸಿದರೆ ಹಿಂಡು ಕರಗುತ್ತದೆಂದು ನಮ್ಮವರ ನಂಬಿಕೆ. ಅಪ್ಪ ಎಂದೂ ಎಣಿಸಿದವನಲ್ಲ. ಸಂಜೆ ಮುಖ ನೋಡಿಯೇ ಯಾವುದು ಬಂದಿಲ್ಲ ಎನ್ನುತ್ತಿದ್ದ.

"ಏನ್ ಭಾಳ ಇಲ್ರಿ ಸಾಹೇಬ್ರ, ಒಂದ್ ನಾಕ್ ಅದಾವ ನೋಡ್ರಿ."

ನಾನು ಅವನ ತೋಳು ಚಿವುಟಿದೆ. "ಸುಮ್ನಿರವ್ವ, ದಿಷ್ಟಿ ಆಗ್ತದ," ಎಂದು ಗದರಿದ.

ಗುಮಾಸ್ತರು ಬರೆದುಕೊಂಡರು. ಉರ್ದು ಕಾಗದ ಹೈದರಾಬಾದಿಗೆ ಹೋಯಿತಂತೆ, ಅಲ್ಲಿಂದ ಇಂಗ್ಲಿಷಾಗಿ ದಿಲ್ಲಿಗೆ, ಅಲ್ಲಿಂದ ಸೊಲ್ಲಾಪುರದ ಗಡಿಗೆ. ತಾವು ಕಚ್ಚಾಡುವುದನ್ನು ಬಿಟ್ಟು ದೊಡ್ಡ ದೊಡ್ಡವರು ನಮ್ಮ ಕಜ್ಜಿಗಾಗಿ ಪತ್ರ ಬರೆದುಕೊಂಡರೆಂದರೆ ಹೆಮ್ಮೆಪಡಬೇಕಲ್ಲವೇ? ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ ನಾವು ಸತ್ತ ಕುರಿಗಳನ್ನು ಹೂಳತೊಡಗಿದ್ದೆವು.

ಕೊನೆಗೂ ಪೊಟ್ಟಣ ಬಂತು. ಮೇಲೆ ಎರಡೂ ಸರ್ಕಾರಗಳ ಮುದ್ರೆ, ಒಳಗೆ ಸರಿಯಾಗಿ ನಾಲ್ಕು ಕುರಿಗಾಗುವಷ್ಟು ಗಂಧಕ. ಕಚೇರಿಯ ಮೆಟ್ಟಿಲ ಮೇಲೆಯೇ ಅದನ್ನು ಬಿಚ್ಚಿ ನೋಡಿದ ಅಪ್ಪ ಗುಮಾಸ್ತರ ಬಳಿಗೆ ಮರಳಿ ಓಡಿದ.

"ಇನ್ನೂ ಭಾಳ ಅದಾವ್ರಿ ಸಾಹೇಬ್ರ, ನನ್ ಬಾಯಾಗ ಮಣ್ಣ ಬೀಳ್ಲಿ!"

"ನಾಕ್ ಅಂತ ನೀನೇ ಹೇಳಿದಿ. ಈಗ ಎರಡೂ ಸರ್ಕಾರಕ್ಕ ಸುಳ್ಳ ಹೇಳಿದಂಗ ಆತು. ಸುಮ್ನ ತಗೊಂಡ್ ಹೋಗು," ಎಂದರು ಗುಮಾಸ್ತರು.

ಸಂಜೆ ಎಣ್ಣೆಯಲ್ಲಿ ಗಂಧಕ ಕಲಸಿಕೊಂಡು ಅಪ್ಪ ಹಟ್ಟಿಯೊಳಗೆ ನಿಂತ. ಜನ್ಮದಲ್ಲಿ ಮೊದಲ ಸಲ ಕುರಿಗಳತ್ತ ಬೆರಳೆತ್ತಿದ. ಒಂದು ಎಂದ, ಟಗರು. ಎರಡು, ಮೂರು, ಗಬ್ಬದ ಕುರಿಗಳು. ಆಮೇಲೆ ಬೆರಳು ನನ್ನ ಮರಿಯ ಮುಂದೆ ಬಂದು ನಿಂತಿತು. ನಾನು ಅದನ್ನು ಎದೆಗವಚಿಕೊಂಡೆ. ಅಪ್ಪ ನನ್ನ ಮುಖ ನೋಡಲಿಲ್ಲ. ಪಕ್ಕದಲ್ಲಿದ್ದ ಹಾಲಿನ ಕುರಿಯನ್ನು ತೋರಿಸಿ "ನಾಕು" ಎಂದ.